ಕೈಗೆ ಕೊಡದ ಖಾರ

ಮೊನ್ನೆ ಮಸಾಲೆ ಖಾರದ ಡಬ್ಬಿಯ ಮುಚ್ಚಳ ತೆಗೆದೆ. ಹುರಿದ ಕೊಬ್ಬರಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜದ ವಾಸನೆ ಒಮ್ಮೆಲೇ ಮೂಗಿಗೇರಿ ಸೀನು ಬಂತು. ಒಲೆಯ ಮುಂದಿದ್ದ ಮಗಳು ಕೈ ಚಾಚಿದಳು. ನಾನು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟೆ, ಆಕೆ ಅಲ್ಲಿಂದ ಎತ್ತಿಕೊಂಡಳು. ಉಪ್ಪು, ಖಾರ ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ಇಸಿದುಕೊಂಡವರಿಗೂ ಜಗಳವಾಗುತ್ತದೆ ಎಂದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ನಂಬುತ್ತಾರೆ. ಡಬ್ಬಿ ಇಟ್ಟ ನನ್ನ ಕೈ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು... ಎದುರು ಮನೆಯ ಅಕ್ಕ ನೆನಪಾದರು.

ಸೊಲ್ಲಾಪುರ ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮ ಬಾಗಿಲಿಗೆ ಅವರ ಬಾಗಿಲು ಎದುರು. ಅವರ ಯಜಮಾನರು ರಸ್ತೆಯ ಮೇಲೆ ವೆಲ್ಡಿಂಗ್ ಅಂಗಡಿ ಇಟ್ಟಿದ್ದರು. ಒಂದು ದಿನ ಎದೆ ನೋವೆಂದು ಕುಳಿತವರು ಏಳಲಿಲ್ಲ. ಮಕ್ಕಳಿರಲಿಲ್ಲ. ಕಾಖಂಡಕಿಯಲ್ಲಿ ಒಕ್ಕಲುತನ ಮಾಡುವ ತಮ್ಮ ಬಂದು, "ಒಬ್ಬಾಕಿ ಇಲ್ಲಿ ಏನ್ ಮಾಡ್ತಿ ಅಕ್ಕಾ? ನಡೀ ಊರಿಗೆ. ಉಣ್ಣಾಕ ಉಡಾಕ ನಾ ಏನೂ ಕಡಿಮಿ ಮಾಡಂಗಿಲ್ಲ" ಎಂದ. ಒಳ್ಳೆಯ ಮನುಷ್ಯ, ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅಕ್ಕನ ಮನಸ್ಸು ಮಾತ್ರ ಒಪ್ಪಲಿಲ್ಲ.

"ಅಲ್ಲಿ ಉಣ್ಣಾಕ ಸಿಗತೈತಿ ತಂಗೀ, ಖರೆ. ಆದ್ರ ಇವತ್ತೇನು ಅಡಗಿ ಮಾಡ್ಲಿ ಅಂತ ಇನ್ನೊಬ್ಬರನ್ನ ಕೇಳಬೇಕಾಗತೈತಿ" ಎಂದು ನನ್ನೆದುರು ಹೇಳಿದರು. ಶ್ರಾವಣ ಮುಗಿಯುವ ತನಕ ನೋಡುತ್ತೇನೆ, ಆಮೇಲೆ ಜೀಪು ತರುತ್ತೇನೆ ಎಂದು ತಮ್ಮ ಹೇಳಿ ಹೋಗಿದ್ದ. ಅಷ್ಟರೊಳಗೆ ದುಡಿಮೆಯ ದಾರಿ ಕಂಡರೆ ಈ ಮನೆ, ಇಲ್ಲದಿದ್ದರೆ ಇಲ್ಲ.

ಮಸಾಲೆ ಖಾರದ ಕಂಪನಿಯೊಂದಕ್ಕೆ ಅಂಗಡಿ, ಸಂತೆ ಸುತ್ತಿ ಮಾರುವ ಹೆಣ್ಣುಮಕ್ಕಳು ಬೇಕಾಗಿದ್ದಾರೆ ಎಂಬ ಸುದ್ದಿಯನ್ನು ಗಿರಣಿಯಿಂದ ತಂದವಳು ನಾನೇ. ಸೇಲ್ಸ್ ರೆಪ್ರೆಸೆಂಟೇಟಿವ್ ಎಂದು ಅದರ ಹೆಸರು. ಅದಕ್ಕೆ ಇಂಟರ್‌ವ್ಯೂ ಇದೆಯಂತೆ. ಅಲ್ಲಿ ಏನು ಕೇಳುತ್ತಾರೆ? ನಮ್ಮಿಬ್ಬರಿಗೂ ತಿಳಿಯದು. ನಾವು ಕಂಡ ಇಂಟರ್‌ವ್ಯೂ ಎಂದರೆ ಕನ್ಯೆ ನೋಡಲು ಬರುವುದೊಂದೇ.

"ಅಡಗಿ ಬರ್ತೈತೇನ ಅಂತ ಕೇಳ್ತಾರೇನ?" ಎಂದರು ಅಕ್ಕ.

"ಕುಂಟ್ತೀರೇನ ಅಂತ ನಡಿಸಿ ನೋಡಬಹುದ್ರಿ" ಎಂದೆ.

"ಹಂಗಾದ್ರ ನೀನೂ ಬಾ ಬೇ. ಹೆಣ್ಣಿನ ಕಡಿಯವರು ಅಂತ ಯಾರರ ಬೇಕಲ್ಲ!"

ಗಂಡ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಇಂಟರ್‌ವ್ಯೂ ದಿನ ಬೆಳಿಗ್ಗೆ ಸಿದ್ಧೇಶ್ವರ ಗುಡಿಗೆ ಹೋಗಿ, ವಿಭೂತಿ ಹಚ್ಚಿಕೊಂಡು ಆ ಕಂಪನಿಯ ಏಜೆನ್ಸಿಯ ಅಂಗಡಿಗೆ ನಡೆದೆವು.

ಒಳಗೆ ಇಬ್ಬರು ಕುಳಿತಿದ್ದರು. ಒಬ್ಬರು ಏಜೆನ್ಸಿಯ ಸಾಹುಕಾರ, ನಮ್ಮೂರಿನವರೇ. ಇನ್ನೊಬ್ಬರು ದಕ್ಷಿಣದ ಕಡೆಯಿಂದ ಬಂದ ಕಂಪನಿಯ ಸಾಹೇಬರು. ನಾನು ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತೆ. ಪರದೆ ಅರ್ಧ ಸರಿದಿತ್ತು... ಪೂರ್ತಿ ಮುಚ್ಚಿದ್ದರೂ ಇಣುಕುತ್ತಿದ್ದೆನೋ ಏನೋ.

"ನಾನೇ ಗಿರಾಕಿ ಅಂದುಕೊಳ್ಳಿ. ಈ ಪ್ಯಾಕೆಟ್ ನನಗೆ ಮಾರಿ ನೋಡೋಣ" ಎಂದರು ಸಾಹೇಬರು.

ಅಕ್ಕ ಸೆರಗು ಸರಿಮಾಡಿಕೊಂಡು, "ನಮಸ್ಕಾರ್ರಿ ಸಾಹೇಬ್ರ. ನಿಮ್ಮ ಮನ್ಯಾಗ ಖಾರ ಉಣ್ಣಾವ್ರು ಹೆಚ್ಚೋ, ಸಪ್ಪಗ ಉಣ್ಣಾವ್ರು ಹೆಚ್ಚೋ?" ಎಂದು ಶುರುಮಾಡಿದರು. ಬದನೆಕಾಯಿಗೆ ಎಷ್ಟು ಹಾಕಬೇಕು, ಬೇಳೆಗೆ ಎಷ್ಟು ಎಂದು ಮನೆಯಲ್ಲಿ ಹೇಳಿದ ಹಾಗೆಯೇ ಹೇಳಿದರು. ಸಾಹೇಬರ ಮುಖ ಅರಳಿತು. "ಸರಿ, ಕೊಡಿ" ಎಂದು ಕೈ ಚಾಚಿದರು.

ಅಕ್ಕ ಪ್ಯಾಕೆಟ್ಟನ್ನು ಟೇಬಲ್ ಮೇಲಿಟ್ಟರು.

"ಹಾಗಲ್ಲ, ಗಿರಾಕಿಯ ಕೈಗೆ ಕೊಡಬೇಕು."

ಅಕ್ಕ ಅದನ್ನು ಎರಡು ಬೆರಳಿನಿಂದ ಅವರತ್ತ ದೂಡಿದರು. ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಸಾಹೇಬರ ಮುಖ ಗಂಟಾಯಿತು.

"ಯಾಕಮ್ಮಾ, ನನ್ನ ಕೈ ಮುಟ್ಟಿದರೆ ಏನಾದರೂ ಆಗುತ್ತಾ? ಹೀಗಾದರೆ ಹೇಗೆ ಮಾರುತ್ತೀರಿ?"

ನಮ್ಮ ಸಾಹುಕಾರರಿಗೆ ವಿಷಯ ತಿಳಿಯದೇ? ಆದರೂ ಅವರು ಮೇಲೆ ತಿರುಗುವ ಫ್ಯಾನು ನೋಡುತ್ತ ಕುಳಿತರು. ಹೊರಗೆ ನಾನು ಸಿದ್ಧೇಶ್ವರನನ್ನು ನೆನೆದೆ. ಒಳಗೆ ಹೋಗಿ ಹೇಳಿಬಿಡಲೇ ಎನ್ನಿಸಿ ಪರದೆಯ ಅಂಚು ಹಿಡಿದೆ. ಕಾಖಂಡಕಿಯ ಜೀಪು ಕಣ್ಣ ಮುಂದೆ ಬಂದು ನಿಂತಿತು.

"ಹಂಗೇನಿಲ್ರಿ ಸಾಹೇಬ್ರ" ಎಂದರು ಅಕ್ಕ. "ಖಾರ ಕೈಯಾಗ ಕೊಟ್ರ ಜಗಳ ಹತ್ತತಾವ. ನಿಮ್ಮ ಜೋಡಿ ಜಗಳ ಹಚ್ಚಿಕೊಂಡು ನಾ ಎಲ್ಲಿಗೆ ಹೋಗ್ಲಿ? ನನಗ ಈ ಕೆಲಸ ಬೇಕಾಗೈತಿ."

ಸಾಹುಕಾರರಿಗೆ ಇನ್ನು ತಡೆಯಲಾಗಲಿಲ್ಲ. ಗೊಳ್ಳೆಂದು ನಕ್ಕು, "ಖರೆ ಐತ್ರಿ ಸರ. ನಾನೂ ನಮ್ಮಾಕಿ ಕೈಯಾಗ ಖಾರ ಕೊಡಂಗಿಲ್ಲ. ಆದ್ರೂ ಜಗಳ ತಪ್ಪಿಲ್ಲ, ಆ ಮಾತು ಬ್ಯಾರೆ" ಎಂದರು. ಸಾಹೇಬರು ನಗಲಿಲ್ಲ. ಟೇಬಲ್ ಮೇಲಿನ ಪ್ಯಾಕೆಟ್ಟನ್ನು ಎತ್ತಿ ತಿರುಗಿಸಿ ನೋಡಿದರು. "ತಿಳಿಸುತ್ತೇವೆ" ಎಂದರು, ಅಷ್ಟೇ.

ಬರುವ ದಾರಿಯಲ್ಲಿ ಅಕ್ಕನಿಗೆ ಒಂದೇ ಚಿಂತೆ. "ಕೊಟ್ಟಬಿಡಬೇಕಿತ್ತೇನ ತಂಗೀ? ಕಂಪನಿ ಪಾಕೀಟು, ಬಾಯಿ ಕಟ್ಟೈತಿ. ಒಳಗಿನ ಖಾರಕ್ಕ ಹೆಂಗ ಗೊತ್ತಾಗತೈತಿ?" ಕಟ್ಟಿದ ಪ್ಯಾಕೆಟ್ಟಿಗೆ ಈ ಮಾತು ಹತ್ತುತ್ತದೆಯೋ ಇಲ್ಲವೋ ಎಂದು ಮನೆ ಬರುವವರೆಗೂ ವಾದಿಸಿದೆವು. ನನಗೆ ಇಂದಿಗೂ ತಿಳಿದಿಲ್ಲ.

ಶ್ರಾವಣ ಮುಗಿಯುತ್ತ ಬಂತು, ಸುದ್ದಿ ಇಲ್ಲ. ತಮ್ಮ ಬಂದ. ಅಕ್ಕ ಪಾತ್ರೆಗಳನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. ನಾನು ಚಹಾ ತಂದು ನಿಂತಿದ್ದಾಗ ಸಾಹುಕಾರರ ಸ್ಕೂಟರ್ ಓಣಿಗೆ ತಿರುಗಿತು. "ಅಕ್ಕಾರ, ಟಿಕೋಟಾ, ಬಬಲೇಶ್ವರ ಕಡಿ ನಿಮಗ. ಸೋಮವಾರದಿಂದ ಬರ್ರಿ" ಎಂದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಖಾರ ಕೈಯಾಗ ಕೊಡಲಿಲ್ಲ ಅಂತ ಆರಿಸಿದ್ರೇನ್ರಿ?" ಎಂದು ಕೇಳಿದೆ.

"ಏ, ಎಲ್ಲಿದು ತಂಗೀ. ಬಸ್ಸಿನ್ಯಾಗ ಸಂತಿ ಸಂತಿ ತಿರುಗಾಕ ಬ್ಯಾರೆ ಯಾರೂ ಒಪ್ಪಲಿಲ್ಲ."

ಅಕ್ಕ ನಕ್ಕುಬಿಟ್ಟರು. ಭಗವಂತನ ದಯೆ ಯಾವ ಬಾಗಿಲಿನಿಂದ ಬಂದರೇನು, ಬಂತಲ್ಲ. ತಮ್ಮನೇ ಕುಳಿತು ಚೀಲದ ಗಂಟು ಬಿಚ್ಚಿದ, ಪಾತ್ರೆಗಳನ್ನು ಹಲಗೆಯ ಮೇಲೆ ಜೋಡಿಸಿದ, ರೊಟ್ಟಿ ಉಂಡು ಊರಿಗೆ ಹೋದ.

ಒಮ್ಮೆ ಅವರ ಜೊತೆ ಬಬಲೇಶ್ವರದ ಸಂತೆಗೆ ಹೋಗಿದ್ದೆ. ಅಲ್ಲಿಯೂ ಹಾಗೆಯೇ, ಪ್ಯಾಕೆಟ್ಟನ್ನು ಕೆಳಗಿಟ್ಟು ಕೈ ತೆಗೆಯುತ್ತಿದ್ದರು. ಕೊಳ್ಳುವ ಹೆಂಗಸರು ಏನೂ ಕೇಳದೆ ಎತ್ತಿಕೊಳ್ಳುತ್ತಿದ್ದರು. ಮರಳುವಾಗ ಬಸ್ಸಿನಲ್ಲಿ ಅಕ್ಕನ ಸೀರೆಯ ಖಾರದ ಘಾಟಿಗೆ ಅಕ್ಕಪಕ್ಕದವರೆಲ್ಲ ಸೀನಿದರು. ಕಂಡಕ್ಟರ್ "ಯಕ್ಕಾ, ನಿಮಗ ಎರಡು ಟಿಕೀಟು ಹರಿಬೇಕು, ಒಂದು ನಿಮ್ಮ ಘಾಟಿಗೆ" ಎಂದ.

ಹೋದ ಚಳಿಗಾಲದಲ್ಲಿ ಅಕ್ಕ ಮಲಗಿದರು. ದವಾಖಾನೆಯಿಂದ ಹಟಮಾಡಿ ಮನೆಗೆ ಬಂದರು. ಕೊನೆಯವರೆಗೂ ಇಂದು ಏನು ಅಡಿಗೆ ಎಂದು ಅವರೇ ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಒಂದು ದಿನ ಕರೆದು, ಖಾರ ತುಂಬಿದ್ದ ಈ ಡಬ್ಬಿಯನ್ನೇ ಹೊರತೆಗೆದರು. ಮರೆತು ನಾನು ಕೈ ಚಾಚಿದೆ. ಅವರು ಅದನ್ನು ಮಂಚದ ಮೇಲಿಟ್ಟು, ಎರಡು ಬೆರಳಿನಿಂದ ನನ್ನತ್ತ ದೂಡಿ, "ತಗೋ" ಎಂದರು... ತಾವು ಉಳಿಸಿಕೊಂಡ ಮನೆಯಿಂದಲೇ ಹೋದರು. ಅದೂ ಒಂದು ದಯೆ.

ಆ ಖಾರ ಮುಗಿದು ಬಹಳ ದಿನವಾಯಿತು, ಡಬ್ಬಿ ಉಳಿದಿದೆ, ಈಗ ಅದರಲ್ಲಿ ನಾನು ಮಾಡಿದ ಖಾರ. ಎದುರಿನ ಬಾಗಿಲಿಗೆ ಬೀಗ. ನಮ್ಮಿಬ್ಬರ ನಡುವೆ ಒಮ್ಮೆಯೂ ಜಗಳವಾಗಲಿಲ್ಲ, ಅದನ್ನೂ ದೇವರ ಲೆಕ್ಕಕ್ಕೇ ಹಾಕಿದ್ದೇನೆ. ಆದರೂ ಮೊನ್ನೆ ಕಟ್ಟೆಯ ಮುಂದೆ ನಿಂತಾಗ ಅನ್ನಿಸಿತು... ಅಂದು ಒಂದು ಸಲ ಅಕ್ಕ ಈ ಡಬ್ಬಿಯನ್ನು ನನ್ನ ಕೈಗೇ ಕೊಟ್ಟಿದ್ದರೆ, ಜಗಳಾಡಲಿಕ್ಕಾದರೂ ಅವರು ಮತ್ತೆ ಬರಬೇಕಾಗುತ್ತಿತ್ತಲ್ಲ.