ಅಮ್ಮನ ಬೆರಳಿಗೆ ರೊಬಸ್ಟದ ಅಂಟು

ನಮ್ಮದು ಬಾಳೂರಿನಿಂದಾಚೆ, ಇಳಿಜಾರಿನಲ್ಲಿರುವ ಆರು ಎಕರೆ ಅರೇಬಿಕ ಕಾಫಿ ತೋಟ. ಅರೇಬಿಕದ ಹಣ್ಣು ನವೆಂಬರಿನಲ್ಲಿ ಕೆಂಪಾಗಲು ತೊಡಗಿ ಸಂಕ್ರಾಂತಿಯ ಹೊತ್ತಿಗೆ ಮುಗಿದುಹೋಗುತ್ತದೆ. ಆಮೇಲೆ ನಮ್ಮ ಮನೆಯಲ್ಲಿ ಯಾರ ಕೈಗೂ ಕಾಫಿ ಹಣ್ಣಿನ ಅಂಟು ಹತ್ತುವುದಿಲ್ಲ. ಹಾಗಾಗಿ ಫೆಬ್ರವರಿಯಲ್ಲಿ, ಪರೀಕ್ಷೆಗೆ ಓದಿಕೊಳ್ಳಲೆಂದು ಮೈಸೂರಿನಿಂದ ಮನೆಗೆ ಬಂದವಳು, ಊಟ ಬಡಿಸುತ್ತಿದ್ದ ಅಮ್ಮನ ಉಗುರಿನ ಸುತ್ತ ಕಪ್ಪಗಿದ್ದುದನ್ನು ನೋಡಿ ಕೇಳಿದೆ.

"ಎಂತದಮ್ಮ ಕೈಗೆ?"

"ಬಾಳೆಕಾಯಿ ಹೆಚ್ಚಿದ್ನಲ್ಲ, ಅದ್ರ ಕಲೆ."

ತಟ್ಟೆಯಲ್ಲಿದ್ದದ್ದು ಹುರುಳಿ ಸಾರು. ಬಾಳೆಕಾಯಿ ಅಡುಗೆಮನೆಯಲ್ಲೆಲ್ಲೂ ಇರಲಿಲ್ಲ. ಅಪ್ಪ ತಲೆಯೆತ್ತದೆ ಉಣ್ಣುತ್ತಿದ್ದರು.

ಕಾಫಿಯ ಬೆಲೆ ಕುಸಿದು ಆಗ ಎರಡು ವರ್ಷ. ತೊಂಬತ್ತರ ದಶಕದ ಒಳ್ಳೆಯ ಕಾಲದಲ್ಲಿ ಕೊಂಡಿದ್ದ ಜೀಪು ಹೋಗಿತ್ತು. ಕೆಲಸದವರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿದ್ದೆವು. ಅಪ್ಪನಿಗೆ ಬಿಪಿ ಹೆಚ್ಚಾಗಿ ಮೂಡಿಗೆರೆಯ ಡಾಕ್ಟರು, ಯಾವ ಆಘಾತವನ್ನೂ ಕೊಡಬೇಡಿ ಎಂದಿದ್ದರು. ಅಮ್ಮನಿಗೆ ಕಾಯಿಲೆಯೆಂದು ಯಾರೂ ಹೇಳಿರಲಿಲ್ಲ. ಆದರೆ ಹಿಂದಿನ ರಜೆಯಲ್ಲಿ ಅವಳು ಒಲೆಯ ಮೇಲೆ ಹಾಲಿಟ್ಟು ಬಾಗಿಲ ಬಳಿ ಹೋಗಿ ಎದೆ ಹಿಡಿದು ಕೂರುತ್ತಿದ್ದಳು. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದಳು. ಈ ಸಲ ಎರಡು ಬಾರಿ ಅನ್ನ ಹಾಕಿಕೊಂಡು ಉಂಡು, ಮಲಗಿದ ತಕ್ಷಣ ನಿದ್ದೆ ಹೋದಳು. ನನಗೆ ಸಮಾಧಾನವಾಗುವ ಬದಲು ಗಾಬರಿಯಾಯಿತು.

ಮರುದಿನ ಬೆಳಗ್ಗೆ ಅಮ್ಮ ಬುತ್ತಿ ಕಟ್ಟಿಕೊಂಡು, "ದೊಡ್ಡಮ್ಮನ ಮನೆಗೆ ಹೋಗಿ ಬರ್ತೀನಿ. ಪಾಪ, ಅವ್ಳಿಗೆ ಮಂಡಿನೋವು," ಎಂದು ಹೊರಟಳು. ಅವಳು ಕನ್ನಡಕ ಮರೆತು ಹೋದದ್ದು ನನಗೆ ಕಂಡದ್ದು ಮಧ್ಯಾಹ್ನ. ಕೊಟ್ಟು ಬರೋಣವೆಂದು ಎರಡು ಮೈಲಿ ನಡೆದೆ. ದೊಡ್ಡಮ್ಮ ಅಂಗಳದಲ್ಲಿ ಮೆಣಸು ಹರವುತ್ತಿದ್ದರು.

"ನಿಮ್ಮಮ್ಮನಾ? ಅವ್ಳು ಇತ್ಲಾಗಿ ತಲೆ ಹಾಕ್ದೆ ತಿಂಗ್ಳಾಯ್ತಲ್ಲೇ. ಸಿಕ್ರೆ ಹೇಳು, ಅಕ್ಕ ಇನ್ನೂ ಬದುಕಿದ್ದಾಳೆ ಅಂತ."

ಏನೋ ಒಂದು ಹೇಳಿ ಹೊರಬಂದೆ. ವಾಪಸು ಬರುವ ದಾರಿಯಲ್ಲಿ ದೊಡ್ಡದೊಂದು ರೊಬಸ್ಟ ಎಸ್ಟೇಟಿದೆ. ರೊಬಸ್ಟ ಕಾಫಿ ಹಣ್ಣಾಗುವುದು ಅರೇಬಿಕಕ್ಕಿಂತ ತಡ. ಅಲ್ಲಿ ಕೊಯ್ಲು ನಡೆಯುತ್ತಿತ್ತು. ಬೇಲಿಯ ಪಕ್ಕದಲ್ಲಿ ನಡೆಯುವಾಗ ಒಳಗಿನಿಂದ ಅಮ್ಮನ ದನಿ ಕೇಳಿತು.

"ರೆಕ್ಕೆ ಮುರೀಬೇಡ ಕಣೆ. ಮುಂದಿನ ವರ್ಷಕ್ಕೆ ಹೂವು ಎಲ್ಲಿ ಬಿಡ್ಬೇಕು ಅದು?"

ಕಾಫಿ ಗಿಡದ ಕೊಂಬೆಗೆ ನಮ್ಮ ಕಡೆ ರೆಕ್ಕೆ ಎನ್ನುತ್ತಾರೆ. ಗಿಡಗಳ ನಡುವೆ ಎಂಟು ಹತ್ತು ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಕುಯ್ಯುತ್ತಿದ್ದರು. ಎಲ್ಲರ ಹಾಗೆ ಸೀರೆಯ ಮೇಲೆ ಗಂಡಸರ ಶರ್ಟು ತೊಟ್ಟು ತಲೆಗೆ ಟವೆಲ್ ಸುತ್ತಿದ್ದ ಒಬ್ಬಳು ನನ್ನ ಅಮ್ಮ. ಶರ್ಟು ಅಪ್ಪನದು, ನೀಲಿ ಚೌಕಳಿಯದು. ಆಗ ಮೊದಲು ಮಾಡಿದ ಕೆಲಸ ನನಗೆ ಚೆನ್ನಾಗಿ ನೆನಪಿದೆ: ನಮ್ಮ ಪೈಕಿ ಯಾರಾದರೂ ಬರುತ್ತಿದ್ದಾರೆಯೇ ಎಂದು ರಸ್ತೆಯ ಎರಡೂ ಕಡೆ ನೋಡಿದೆ.

ನನ್ನನ್ನು ಕಂಡದ್ದು ಅಮ್ಮನಲ್ಲ, ನಮ್ಮ ತೋಟದಲ್ಲಿ ವರ್ಷಗಟ್ಟಲೆ ದುಡಿದಿದ್ದ ಹೆಂಗಸು. ಒಳ್ಳೆಯ ಕಾಲದಲ್ಲಿ ಸಂಜೆ ಸಂಜೆ ಇವಳ ಚೀಲವನ್ನು ಅಮ್ಮ ಗೋಣಿತಾಟಿನ ಮೇಲೆ ಸುರಿಸಿ, ಹಸಿಕಾಯಿಗಳನ್ನು ಹೆಕ್ಕಿ ತೆಗೆದು ಬೈಯುತ್ತಿದ್ದಳು. ಅರೇಬಿಕವನ್ನು ಹಣ್ಣು ನೋಡಿ ನೋಡಿ ಕುಯ್ಯಬೇಕು ಎನ್ನುವುದು ಅಮ್ಮನ ಕಟ್ಟಳೆ.

"ಬನ್ನಿ ಚಿಕ್ಕಮ್ಮಾರೆ, ನೀವಾದ್ರೂ ಹೇಳಿ," ಎಂದಳು ಆ ಹೆಂಗಸು, ನಾನು ದಿನವೂ ಅಲ್ಲಿಗೆ ಬರುವವಳೇನೋ ಎಂಬಂತೆ. "ರೊಬಸ್ಟ ಅಂದ್ರೆ ಗೊಂಚಲು ಹಿಡ್ದು ಎಳ್ದು ಬಿಡ್ಬೇಕು. ಇವ್ರು ಮುತ್ತು ಆರಿಸ್ದಂಗೆ ಒಂದೊಂದೇ ಕುಯ್ತಾರೆ. ಸಂಜೆ ತೂಕಕ್ಕೆ ನಮ್ಮರ್ಧನೂ ಇರಲ್ಲ."

"ಸುಮ್ನಿರೆ. ಹಸಿಕಾಯಿ ಸೇರಿದ್ರೆ ಕಾಫಿ ಕೆಡ್ತದೆ," ಅಂದಳು ಅಮ್ಮ, ಇನ್ನೂ ನನ್ನ ಕಡೆ ತಿರುಗಿರಲಿಲ್ಲ.

"ಕೆಟ್ರೆ ಈ ಸಾಹುಕಾರ್ರದು ಕೆಡ್ತದೆ. ನಿಮ್ಮ ಗಂಟು ಏನ್ ಹೋಗ್ತದೆ ಅಮ್ಮಾರೆ?"

ಹೆಂಗಸರೆಲ್ಲ ನಕ್ಕರು. ಅಮ್ಮನೂ ನಕ್ಕಳು. ನಗುತ್ತಲೇ ತಿರುಗಿದವಳು ನನ್ನನ್ನು ನೋಡಿದಳು.

ಸಿಲ್ವರ್ ಓಕ್ ಮರದ ಹಿಂದೆ ಕರೆದುಕೊಂಡು ಹೋಗಿ ಅವಳು ಹೇಳಿದ ಮೊದಲ ಮಾತು, "ಅಪ್ಪಂಗೆ ಹೇಳ್ಬೇಡ ಮಗ. ಅವ್ರು ತಡ್ಕಳಲ್ಲ."

"ದುಡ್ಡಿಗಾ?"

"ದುಡ್ಡು ಎಷ್ಟು ಬರ್ತದೆ, ನೋಡಿದ್ಯಲ್ಲ ನನ್ ಚೀಲ. ನಿನ್ ಬಸ್ ಚಾರ್ಜಿಗೆ ಆಗ್ತದೆ, ಅಷ್ಟೆ." ಟವೆಲ್ಲಿನ ತುದಿಯಿಂದ ಮುಖ ಒರೆಸಿಕೊಂಡಳು. "ಮನೇಲಿ ಕೂತ್ರೆ ಎದೆ ಹೊಡ್ಕಳ್ತದೆ. ಇಲ್ಲಿ ಕೈ ಆಡ್ತಾ ಇದ್ರೆ ತಲೆ ಸುಮ್ನಿರ್ತದೆ. ಸಂಜೆ ಹೋಗಿ ಮಲಗಿದ್ರೆ ನಿದ್ದೆ."

"ನಮ್ ತೋಟದಲ್ಲೇ ಏನಾದ್ರೂ ಮಾಡ್ಬೋದಲ್ಲ."

"ಅಲ್ಲಿಗೆ ಹೋದ್ರೆ ಒಂದೊಂದು ಗಿಡನೂ ಕೇಳ್ತದೆ, ನಂಗೆ ಗೊಬ್ಬರ ಯಾವಾಗ ಹಾಕ್ತೀಯ ಅಂತ. ಇವು ಬೇರೇರ ಗಿಡ. ನಂಗೆಂತ?" ಎಂದವಳು, ಪಕ್ಕದ ಗಿಡದಲ್ಲಿ ಸೀಳಿ ಜೋತಿದ್ದ ಒಂದು ರೆಕ್ಕೆಯನ್ನು ಎತ್ತಿ ಮೇಲಿನ ರೆಕ್ಕೆಗೆ ಆನಿಸಿ ನಿಲ್ಲಿಸಿದಳು.

ನಾನು ಕನ್ನಡಕ ಕೊಟ್ಟೆ. ಮೈಸೂರಿನಿಂದ ಬಂದ ಬಸ್ಸಿನ ಟಿಕೆಟ್ಟು ಇನ್ನೂ ನನ್ನ ಪುಸ್ತಕದೊಳಗಿತ್ತು.

ದಾರಿಯುದ್ದಕ್ಕೂ ಅಪ್ಪನೆದುರು ಮುಖ ಹೇಗಿಟ್ಟುಕೊಳ್ಳಬೇಕೆಂದು ಅಭ್ಯಾಸ ಮಾಡಿಕೊಂಡು ನಡೆದೆ. ಮನೆ ತಲುಪಿದಾಗ ನಾಲ್ಕು ಗಂಟೆ. ಜಗಲಿಯಲ್ಲಿ ಅಪ್ಪ ಇರಲಿಲ್ಲ. ಹಿತ್ತಲ ಕಡೆ ಹೊಗೆ ಕಂಡು ಹೋದೆ. ಅಪ್ಪ ಬಚ್ಚಲೊಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಉರಿ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ಅವರು ಹಂಡೆಗೆ ಬೆಂಕಿ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಎದ್ದು, ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು, ಕತ್ತಿಯಿಂದ ಎರಡು ಹೋಳು ಮಾಡಿ ಬಚ್ಚಲ ಕಲ್ಲಿನ ಮೇಲಿಟ್ಟರು. ಪಕ್ಕದಲ್ಲಿ ಒಂದು ಚಿಟಿಕೆ ಕಲ್ಲುಪ್ಪು. ಕಾಫಿ ಹಣ್ಣಿನ ಅಂಟು ಸೋಪಿಗೆ ಹೋಗುವುದಿಲ್ಲ, ನಿಂಬೆ ಉಪ್ಪು ಹಾಕಿ ತಿಕ್ಕಬೇಕು. ಅದು ನಮ್ಮ ಕಡೆ ಮಕ್ಕಳಿಗೂ ಗೊತ್ತು.

ನಾನು ಸದ್ದಾಗದಂತೆ ಒಂದು ಹೆಜ್ಜೆ ಹಿಂದಕ್ಕಿಟ್ಟೆ.

ಅಪ್ಪ ತಿರುಗಿದರು. ನನ್ನ ಧೂಳು ಹತ್ತಿದ ಕಾಲನ್ನು ನೋಡಿದರು.

"ದೊಡ್ಡಮ್ಮನ ಮನೆಗೆ ಹೋಗಿದ್ಯಾ?"

"ಹ್ಞೂಂ."

"ನಿಮ್ಮಮ್ಮ ಅಲ್ಲೇ ಇದ್ಲಾ?"

"ಇದ್ದಾಳೆ," ಅಂದೆ. "ದೊಡ್ಡಮ್ಮಂಗೆ ಮಂಡಿನೋವು ಜೋರು."

ಅಪ್ಪ ತಲೆಯಾಡಿಸಿದರು. "ನಿಧಾನ ಬರ್ಲಿ. ನೀರು ಕಾಯ್ತಾ ಇದೆ," ಎಂದು ಜಗಲಿಗೆ ಹೋಗಿ, ಬೆಳಗ್ಗೆ ಓದಿ ಮುಗಿಸಿದ್ದ ಪೇಪರನ್ನೇ ಬಿಡಿಸಿ ಕೂತರು.

ಅಮ್ಮ ಐದೂವರೆಗೆ ಬಂದಳು, ಶರ್ಟು ಕೈಚೀಲದಲ್ಲಿ ಮಡಚಿಟ್ಟುಕೊಂಡು. ನೇರ ಬಚ್ಚಲಿಗೆ ಹೋದಳು. ಮುಂದಿನ ಹದಿನೈದು ದಿನವೂ ಹಾಗೇ ನಡೆಯಿತು. ಕಲ್ಲಿನ ಮೇಲೆ ನಿಂಬೆ ಹೋಳು ಇಡುವವರು ಯಾರೆಂದು ಅಮ್ಮ ಒಂದು ದಿನವೂ ಕೇಳಲಿಲ್ಲ.