ದುಂಬಿಯ ಎದೆಯೊಳಗಿನ ಗುಂಯ್

ಮೊನ್ನೆ ಕಮಲಾಪುರದ ಬಸ್ ನಿಲ್ದಾಣದ ಹತ್ತಿರ, ಹಣ್ಣಿಗೆ ಹಾಕಿದ ಬಾಳೆಗೊನೆಯ ವಾಸನೆ ಮೂಗಿಗೆ ಬಡಿಯಿತು. ಹೊಗೆ, ಒಣಗಿದ ಎಲೆ, ಆಗಷ್ಟೇ ಸಿಹಿಗಟ್ಟುತ್ತಿರುವ ಕಾಯಿ… ನಿಂತಲ್ಲೇ ನಿಂತುಬಿಟ್ಟೆ. ನಮ್ಮ ಪಕ್ಕದ ಮನೆಯ ಅಕ್ಕ ಬರುವ ಮೊದಲು ಈ ವಾಸನೆಯೇ ಬರುತ್ತಿತ್ತು.

ಅವಳದು ಬಾಳೆಕಾಯಿ ಮಂಡಿ. ಅವಳ ಬಾಯಿಗೆ ಊರೇ ಹೆದರುತ್ತಿತ್ತು. ಅಂಥವಳು ಮಂಡಿಯ ಮೂಲೆಯಲ್ಲಿ ಹುಟ್ಟಿದ ಒಂದು ಕರಿ ನಾಯಿಮರಿಗೆ ಸೋತುಹೋದಳು. ಅದರ ಎದೆಯ ಮೇಲೆ ಅಂಗೈ ಇಟ್ಟರೆ ಒಳಗೆ ಗುಂಯ್ ಎಂದು ಒಂದೇ ಸಮನೆ ಅದುರುತ್ತಿತ್ತು, ಕುದಿಯುವ ಪಾತ್ರೆಯ ಮುಚ್ಚಳ ಮುಟ್ಟಿದ ಹಾಗೆ. ಅದಕ್ಕೇ ದುಂಬಿ ಎಂದು ಹೆಸರಿಟ್ಟಳು. ಬಂದವರ ಕೈ ಎಳೆದು ಅದರ ಎದೆಗೆ ಒತ್ತಿಸುತ್ತಿದ್ದಳು.

"ನೋಡ್ರಿ, ನನ್ನ ಕಂಡ್ರ ಎಷ್ಟ್ ಖುಷಿ ಐತಿ ಇದಕ್ಕ."

ನಾವೆಲ್ಲ ಮುಟ್ಟಿ ಮುಟ್ಟಿ ನಗುತ್ತಿದ್ದೆವು.

ಮರಿ ನಾಲ್ಕು ಹೆಜ್ಜೆ ಓಡಿ, ಏದುಸಿರು ಬಿಟ್ಟು ಕೂರತೊಡಗಿದಾಗ ಹೊಸಪೇಟೆಯ ಪಶುವೈದ್ಯರ ಹತ್ತಿರ ಒಯ್ದೆವು. ಅವರು ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ತಾಯಿಯ ಹೊಟ್ಟೆಯಲ್ಲಿದ್ದಾಗ ಹೃದಯದ ಬಳಿ ತೆರೆದಿರುವ ಸಣ್ಣ ನಾಳವೊಂದು ಹುಟ್ಟಿದ ಮೇಲೆ ತಾನಾಗಿ ಮುಚ್ಚಿಕೊಳ್ಳಬೇಕಂತೆ, ಇದಕ್ಕೆ ಮುಚ್ಚಿರಲಿಲ್ಲ. ರಕ್ತ ಅಡ್ಡದಾರಿ ಹಿಡಿದು ನುಗ್ಗುವುದೇ ಆ ಗುಂಯ್. ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿ, ಆಪರೇಷನ್‌ನಲ್ಲಿ ನಾಳವನ್ನು ಕಟ್ಟಿಸಿದರೆ ಬದುಕುತ್ತದೆ, ಇಲ್ಲವಾದರೆ ಹೆಚ್ಚು ದಿನ ಇರುವುದಿಲ್ಲ ಎಂದರು.

ಮನೆಯಲ್ಲಿ ಅವಳ ಮೈದುನ ನಕ್ಕ. "ನಾಯಿಗೆ ಹಾರ್ಟ್ ಆಪರೇಷನ್ನಂತ. ಹಂಪಿ ಬಜಾರದಾಗ ಬೇಕಾದಷ್ಟ್ ಮರಿ ಅದಾವ. ಬ್ಯಾರೆ ಒಂದ್ ತಂದ್ರಾತು ಬಿಡ್ರಿ, ಅತ್ತಿಗಿ."

"ನೀನೂ ಹುಟ್ಟಿದಾಗ ಭಾಳ ಸೊರಗಿದ್ದಿ ಅಂತ. ನಿಮ್ಮವ್ವ ನಿನ್ನ ಬಿಟ್ಟು ಬ್ಯಾರೆ ಕೂಸು ತಂದ್ಲೇನು?"

ಮರುವಾರವೇ ಬಾಡಿಗೆ ಕಾರು ಹತ್ತಿದೆವು. ಮರಿ ನನ್ನ ತೊಡೆಯ ಮೇಲಿತ್ತು. ಓಣಿಯೆಲ್ಲ ಬಾಗಿಲಿಗೆ ಬಂದು ನಕ್ಕಿತು. ನಗಲಿ.

ಆಸ್ಪತ್ರೆಯಲ್ಲಿ ಪಕ್ಕೆಲುಬಿನ ನಡುವೆ ಕೊಯ್ದು ಆ ನಾಳವನ್ನು ದಾರದಿಂದ ಬಿಗಿದರು. ಹೊರಗೆ ತಂದ ಮರಿಯ ಎದೆಗೆ ಅಕ್ಕ ಮೆಲ್ಲಗೆ ಅಂಗೈ ಇಟ್ಟಳು. ಗುಂಯ್ ಇರಲಿಲ್ಲ. ಅಂಗೈ ಸರಿಸಿ ಇನ್ನೊಮ್ಮೆ ಇಟ್ಟು ನೋಡಿದಳು.

"ಡಾಕ್ಟ್ರೇ, ನಿಂತೇ ಹೋತಲ್ರಿ…"

ಹೃದಯ ಈಗ ಸರಿಯಾಗಿ ಬಡಿಯುತ್ತಿದೆ, ಇನ್ನು ಹೀಗೇ ಇರಬೇಕು ಎಂದು ಅವರು ಬಿಡಿಸಿ ಹೇಳಿದರು. ಊರಿಗೆ ಮರಳುವಾಗ ದಾರಿಯುದ್ದಕ್ಕೂ ಅತ್ತಳು. "ಅದರ ಸಂಕಟಾನ ಖುಷಿ ಅಂತ ಊರಿಗೆಲ್ಲ ತೋರಿಸಿದ್ನಲ್ಲಲೇ." ನನಗೂ ತಡೆಯಲಾಗಲಿಲ್ಲ.

ಆಮೇಲೆ ದುಂಬಿ ಮಂಡಿಗೆ ನುಗ್ಗುವ ಮಂಗಗಳನ್ನು ಅಟ್ಟಿಸಿಕೊಂಡು ಹೋಗುವಷ್ಟು ಗಟ್ಟಿಯಾಯಿತು. ಅಂದು ನಕ್ಕವರ ಮನೆಗಳ ಮುಂದೆ ಅಕ್ಕ ಬೇಕೆಂದೇ ಅದನ್ನು ಓಡಿಸಿಕೊಂಡು ಹೋಗುತ್ತಿದ್ದಳು. ಅವಳ ಆ ನಡಿಗೆ ನೋಡುವುದೇ ಒಂದು ಸುಖ… ವರ್ಷಗಟ್ಟಲೆ ನಡೆಯಿತು ಅದು.

ಹೋದ ವರ್ಷ ಅಕ್ಕ ಜ್ವರದಲ್ಲಿ ಹೋದಳು. ಮಂಡಿಗೆ ಬೀಗ ಬಿತ್ತು. ಮುದಿಯಾದ ದುಂಬಿಯನ್ನು ಕಂಪ್ಲಿ ರಸ್ತೆಯಲ್ಲಿ ಬಿಟ್ಟುಬರಲು ಮೈದುನ ಆಟೋ ಹತ್ತಿಸಿದ್ದ. ನಾನು ಏನೂ ಕೇಳದೆ ಇಳಿಸಿಕೊಂಡೆ. ಈಗ ನಮ್ಮ ಹೊಸಲಿನಲ್ಲೇ ಮಲಗುತ್ತದೆ. ದಾಟಿ ಹೋಗಲು ಕಷ್ಟವಾದವರು ಸುತ್ತಿ ಹೋಗಲಿ.

ನಿನ್ನೆ ಮೈದುನ ನಮ್ಮ ಮನೆಯ ಮುಂದೆ ನಿಂತ. "ಇನ್ನೂ ಸತ್ತಿಲ್ಲೇನು ಇದು?"

"ಅಕ್ಕ ಸತ್ತಾಳ. ಇದು ಸತ್ತಿಲ್ಲ. ಹೋಗ್ರಿ," ಎಂದೆ.

ಅವಳು ಸತ್ತಳೆಂದು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.