ಎಡಗಡೆಯ ಐದು ಗೋಲು

ಶಿರಾದ ವಾಸಿಫ್ ಹನ್ನೆರಡು ವರ್ಷ ಕೋಟೆ ಬಾಯ್ಸ್ ಕ್ಲಬ್ಬಿನ ಗೋಲ್‌ಕೀಪರ್ ಆಗಿದ್ದ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಎಂಟು ಕ್ಲಬ್ಬುಗಳು ಆಡುತ್ತಿದ್ದ ಸಣ್ಣ ಫುಟ್‌ಬಾಲ್ ಲೀಗ್ ಅದು. ಬೂಟು ಹರಿದರೆ ಆಟಗಾರರೇ ಹೊಲಿಸಿಕೊಳ್ಳಬೇಕು. ಪಾವಗಡಕ್ಕೆ ಮ್ಯಾಚಿಗೆ ಹೊರಟರೆ ಊಟದ ಡಬ್ಬಿ ಮನೆಯಿಂದಲೇ. ವಾರವೆಲ್ಲ ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡುತ್ತಿದ್ದ ವಾಸಿಫ್ ಭಾನುವಾರಕ್ಕಾಗಿ ಕಾಯುತ್ತಿದ್ದ.

ಹೋದ ವರ್ಷ ಕಬ್ಬಿಣದ ಚೂರು ಸಿಡಿದು ಅವನ ಎಡಗಣ್ಣಿನ ದೃಷ್ಟಿ ಹೋಯಿತು. ನೋಡುವವರಿಗೆ ಕಣ್ಣು ನೆಟ್ಟಗೇ ಇತ್ತು. ತಂಡದಿಂದ ತೆಗೆದುಬಿಡುತ್ತಾರೆಂದು ಹೆದರಿ ಆ ಸಂಗತಿಯನ್ನು ಹೆಂಡತಿ ಮಹಜಬೀನ್ ಮತ್ತು ಅದೇ ತಂಡದ ಡಿಫೆಂಡರ್ ಆಗಿದ್ದ ಬಾಲ್ಯದ ಗೆಳೆಯ ಉಮರ್, ಇಬ್ಬರಿಗಷ್ಟೇ ಹೇಳಿದ.

"ಎಡಗಡೆ ನಾನಿರ್ತೀನಿ, ನೀನು ಹೆದರ್ಬೇಡ" ಎಂದಿದ್ದ ಉಮರ್. ಹಾಗೆಯೇ ಏಳು ಮ್ಯಾಚು ಕಳೆದವು.

ಅಷ್ಟರಲ್ಲಿ ಮಧುಗಿರಿಯ ಏಕಶಿಲಾ ಕ್ಲಬ್ಬಿನ ಅಧ್ಯಕ್ಷರು ತಮ್ಮ ಪರ ಆಡಿದರೆ ಕೆಲಸ ಕೊಡಿಸುತ್ತೇನೆಂದು ಉಮರ್‌ಗೆ ಹೇಳಿದರು. ಅವನು ಆ ತಂಡಕ್ಕೆ ಸೇರಿದ.

ಕೊನೆಯ ಮ್ಯಾಚು ಏಕಶಿಲಾ ಎದುರು, ಮಧುಗಿರಿಯಲ್ಲಿ, ಬೆಟ್ಟದ ಬುಡದ ಮೈದಾನದಲ್ಲಿ. ಸೋತವರು ಲೀಗಿನಿಂದ ಹೊರಗೆ. ಮೊದಲ ಎರಡು ಗೋಲು ಎಡಗಡೆಯಿಂದ ಬಂದಾಗ ವಾಸಿಫ್ ತನ್ನನ್ನೇ ಬೈದುಕೊಂಡ. ಮೂರನೆಯದಕ್ಕೆ ಮುಂಚೆ ಉಮರ್ ತನ್ನವರಿಗೆ ಕೈಮಾಡಿ ಗೋಲಿನ ಅದೇ ಎಡಮೂಲೆ ತೋರಿಸುವುದನ್ನು ಕಂಡ.

"ಉಮರ್, ಬೇಡ ಕಣೋ!" ಎಂದು ಕೂಗಿದ.

ಉಮರ್ ತಿರುಗಲಿಲ್ಲ. ಐದನೆಯ ಗೋಲನ್ನು ಅವನೇ ಹೊಡೆದ.

ಆಟ ಮುಗಿಯುತ್ತಲೇ ಕೋಟೆ ಬಾಯ್ಸ್ ಕಾರ್ಯದರ್ಶಿ ಪ್ರಸನ್ನ ಕುಮಾರ್ ವಾಸಿಫ್‌ನ ಕೊರಳಪಟ್ಟಿ ಹಿಡಿದ. "ಎಷ್ಟಕ್ಕೆ ಮ್ಯಾಚ್ ಮಾರ್ಕೊಂಡೆ, ಹೇಳ್ಲಾ!"

"ಎಡಗಣ್ಣು ಕಾಣಕ್ಕಿಲ್ಲ ಪ್ರಸನ್ನಣ್ಣ. ಉಮರ್‌ನ ಕೇಳು, ಅವ್ನಿಗೆ ಗೊತ್ತು."

ಉಮರ್ ಪಕ್ಕದಲ್ಲಿ ನಿಂತಿದ್ದ ತನ್ನ ಹೊಸ ಅಧ್ಯಕ್ಷರ ಮುಖ ನೋಡಿ, "ನಂಗೇನೂ ಗೊತ್ತಿಲ್ಲ" ಎಂದ.

ಯಾರೋ ಹಿಂದಿನಿಂದ ವಾಸಿಫ್‌ನ ಬಲಗಣ್ಣು ಮುಚ್ಚಿದರು. "ಎಷ್ಟು ಬೆರಳು ಹೇಳು?" ಎಂದು ಒಬ್ಬ ಕೇಳಿದ. "ಕಾಣಲ್ಲ" ಎಂದ ವಾಸಿಫ್. "ನಾಟಕ ಆಡ್ತಾವ್ನೆ" ಎಂದು ಇನ್ನೊಬ್ಬ ಹತ್ತಿರದಿಂದಲೇ ಚೆಂಡು ಒದ್ದ. ವಾಸಿಫ್ ಕೈ ಎತ್ತಲಿಲ್ಲ, ರೆಪ್ಪೆಯನ್ನೂ ಬಡಿಯಲಿಲ್ಲ. ಚೆಂಡು ಮುಖಕ್ಕೆ ಬಡಿದು ಮೂಗಿನಿಂದ ರಕ್ತ ಸುರಿಯಿತು. ಜನ ನಕ್ಕರು. ಪ್ರಸನ್ನ ಕುಮಾರ್‌ಗೆ ನಿಜ ಗೊತ್ತಾಯಿತು. ಆದರೂ ಅವನ ಸಿಟ್ಟು ಇಳಿಯಲಿಲ್ಲ.

"ಕುರುಡ ಆಗಿದ್ಕೊಂಡು ಬಂದು ನಿಂತ್ಕೊಂಡು ನಮ್ ಕ್ಲಬ್ಬನ್ನೇ ಮುಳುಗಿಸ್ಬುಟ್ಟಲ್ಲೋ!"

ತಂಡದ ಟೆಂಪೋ ಅವನನ್ನು ಬಿಟ್ಟೇ ಹೊರಟಿತು. ರಕ್ತದ ಅಂಗಿಯಲ್ಲೇ ಅವನು ಬಸ್ಸಿನಲ್ಲಿ ಊರಿಗೆ ಬಂದ. ಮಹಜಬೀನ್ ಮುಖ ಒರೆಸುತ್ತಾ, "ಉಮರ್ ಭಾಯ್ ಏನೂ ಹೇಳ್ಲಿಲ್ವಾ?" ಎಂದು ಕೇಳಿದಳು. ವಾಸಿಫ್ ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ತಾನೇ ಮೂಗು ಒರೆಸಿಕೊಂಡ.

ರಂಜಾನ್ ಹಬ್ಬದ ನಮಾಜು ಮುಗಿದ ಮೇಲೆ ಈದ್ಗಾದಲ್ಲಿ ಉಮರ್ ಎರಡೂ ಕೈ ಚಾಚಿ ಅಪ್ಪಿಕೊಳ್ಳಲು ಬಂದ. ವಾಸಿಫ್ ಅವನನ್ನು ದಾಟಿಹೋಗಿ ಆಚೆಗಿದ್ದವರನ್ನು ಅಪ್ಪಿಕೊಂಡ. ಉಮರ್‌ನ ಕೈಗಳು ಹಾಗೇ ನಿಂತವು.

"ಹಬ್ಬದ ದಿನ ಇಷ್ಟು ಕಲ್ಲುಮನಸ್ಸಾ ನಿಂದು?" ಎಂದು ಹಿರಿಯರೊಬ್ಬರು ಎಲ್ಲರೆದುರು ಬೈದದ್ದು ವಾಸಿಫ್‌ನನ್ನೇ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ಚಪ್ಪಲಿ ಹುಡುಕಿಕೊಂಡು ಮನೆಗೆ ನಡೆದ.